ಬೆಳಗಾವಿ–ಬೆಂಗಳೂರು: 445 ಕಿ.ಮೀ.ಗೆ ಒಂದು ಗಂಟೆ 20 ನಿಮಿಷ ಏಕೆ?

ಪ್ರಶ್ನೆ: ಸಾಂಬ್ರಾದಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ 445 ಕಿ.ಮೀ. ಎಂದು ಮೊಬೈಲ್ ತೋರಿಸುತ್ತದೆ. ವಿಮಾನ ಗಂಟೆಗೆ 800 ಕಿ.ಮೀ. ಹೋಗುತ್ತದೆ ಅಂತಾರೆ. ಆದರೆ ನಮ್ಮ ಎಟಿಆರ್ ವಿಮಾನದ ಟಿಕೆಟ್‌ನಲ್ಲಿ ಒಂದು ಗಂಟೆ 20 ನಿಮಿಷ ಎಂದಿದೆ. ಸುಮ್ನೆ ಸುತ್ತು ಹಾಕಿಸ್ತಾರಾ? ಅವ್ವನ ಮಂಡಿನೋವಿಗೆ ಜಯನಗರದಲ್ಲಿ ಮಧ್ಯಾಹ್ನ 12ಕ್ಕೆ ಡಾಕ್ಟರ್ ಸಮಯ ಕೊಟ್ಟಿದ್ದಾರೆ. 10ಕ್ಕೆ ಇಳಿದರೆ ಸಾಕಾ?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ಮೊದಲೇ ಹೇಳಿಬಿಡುತ್ತೇನೆ, 10ಕ್ಕೆ ಇಳಿದರೆ ಸಾಲದು.

445 ಕಿ.ಮೀ. ಸರಿಯಾದ ಅಂಕಿಯೇ, ಆದರೆ ಅದು ನೇರ ಗೆರೆಯ ಅಳತೆ. ರಸ್ತೆಯಲ್ಲಿ ಹುಬ್ಬಳ್ಳಿ, ದಾವಣಗೆರೆ ಮೇಲೆ ಹೋದರೆ 500 ದಾಟುತ್ತದೆ. ಇನ್ನು 800 ಕಿ.ಮೀ. ವೇಗ ಜೆಟ್ ವಿಮಾನದ್ದು. ಎಟಿಆರ್‌ಗೆ ಇರುವುದು ರೆಕ್ಕೆಯ ಮೇಲೆ ತಿರುಗುವ ಪ್ರೊಪೆಲ್ಲರ್. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಮಾತ್ರ. ಅಲ್ಲಿಗೇ ಹೆಚ್ಚುಕಮ್ಮಿ 55 ನಿಮಿಷ ಆಯಿತು, ಅಲ್ವಾ? ಏರುವಾಗ, ಇಳಿಯುವಾಗ ಆ ವೇಗವೂ ಇರುವುದಿಲ್ಲ. ಜೊತೆಗೆ, ಟಿಕೆಟ್‌ನ ಸಮಯ ಶುರುವಾಗುವುದು ವಿಮಾನ ನಿಂತ ಜಾಗದಿಂದ ಕದಲಿದಾಗ, ಮುಗಿಯುವುದು ಅಲ್ಲಿ ಹೋಗಿ ನಿಂತಾಗ. ನೆಲದ ಮೇಲೆ ಓಡಾಡುವುದು, ರನ್‌ವೇಗೆ ಸರದಿ ಕಾಯುವುದು ಎಲ್ಲಾ ಅದರಲ್ಲೇ ಸೇರಿದೆ.

ಸುತ್ತಿನ ಮಾತು ಪೂರ್ತಿ ಸುಳ್ಳಲ್ಲ. ವಿಮಾನ ಇಳಿಯುವುದು ಗಾಳಿಗೆ ಎದುರಾಗಿ. ಬೆಂಗಳೂರಿನ ಎರಡೂ ರನ್‌ವೇಗಳು ಪೂರ್ವ–ಪಶ್ಚಿಮವಾಗಿವೆ. ಗಾಳಿ ಪೂರ್ವದಿಂದ ಬೀಸಿದರೆ ಬೆಳಗಾವಿ ಕಡೆಯಿಂದ ಬರುವ ವಿಮಾನ ಹೆಚ್ಚು ತಿರುಗದೆ ಇಳಿಯುತ್ತದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದ್ದು. ಆಗ ನಿಲ್ದಾಣ ದಾಟಿ ಪೂರ್ವಕ್ಕೆ ಹೋಗಿ, ತಿರುಗಿ ಬರಬೇಕು. ಕಿಟಕಿಯಿಂದ ನಿಲ್ದಾಣ ಕಂಡರೂ ಇಳಿಯಲಿಲ್ಲವಲ್ಲ ಎಂದು ಗಾಬರಿಯಾಗಬೇಡಿ. ಹಾಗೆ ಇಳಿಯುವುದೇ ಸುರಕ್ಷಿತ.

ಈಗ ಅವ್ವನ ವಿಷಯ. ಟಿಕೆಟ್ ಮಾಡುವಾಗಲೇ ಗಾಲಿಕುರ್ಚಿ ಕೇಳಿಕೊಳ್ಳಿ. ಎಟಿಆರ್‌ನಲ್ಲಿ ಪ್ರಯಾಣಿಕರು ಹತ್ತಿ ಇಳಿಯುವ ಬಾಗಿಲು ಹಿಂದುಗಡೆ ಇದೆ, ಕಿರಿದಾದ ಮೆಟ್ಟಿಲು ಬೇರೆ. ಹಿಂದಿನ ಸಾಲಿನ ಸೀಟು ಹಿಡಿದರೆ ಒಳಗೆ ನಡೆಯುವುದು ಕಡಿಮೆ. ಮೆಟ್ಟಿಲು ಆಗುವುದೇ ಇಲ್ಲ ಎಂದಾದರೆ ಅದನ್ನೂ ಮೊದಲೇ ತಿಳಿಸಿ, ಬೇರೆ ಏರ್ಪಾಡು ಮಾಡುತ್ತಾರೆ. ಗಾಲಿಕುರ್ಚಿಯವರನ್ನು ಸಾಮಾನ್ಯವಾಗಿ ಎಲ್ಲರೂ ಇಳಿದ ಮೇಲೆಯೇ ಇಳಿಸುವುದು. ಆಮೇಲೆ ಬ್ಯಾಗಿಗೆ ಕಾಯಬೇಕು. ಟ್ಯಾಕ್ಸಿ ಹತ್ತುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿರುತ್ತದೆ.

ದೇವನಹಳ್ಳಿಯಿಂದ ಜಯನಗರ 40 ಕಿ.ಮೀ. ಮೇಲೇ ಇದೆ. ಹೆಬ್ಬಾಳದ ಟ್ರಾಫಿಕ್ ಸೇರಿ ಒಂದೂವರೆಯಿಂದ ಎರಡು ಗಂಟೆ ಇಟ್ಟುಕೊಳ್ಳಿ. ಹಾಗಾಗಿ ಎಂಟೂವರೆ–ಒಂಬತ್ತರೊಳಗೆ ಇಳಿಸುವ ವಿಮಾನ ಸಿಕ್ಕರೆ ಅದನ್ನೇ ಹಿಡಿಯಿರಿ. ಸಿಗದಿದ್ದರೆ ಡಾಕ್ಟರ ಹತ್ತಿರ ಮಧ್ಯಾಹ್ನ 3ರ ನಂತರದ ಸಮಯ ಕೇಳಿ. ಮಂಡಿನೋವಿನ ಅವ್ವನನ್ನು ಓಡಿಸಿಕೊಂಡು ಹೋಗುವುದಕ್ಕಿಂತ ಅದು ಎಷ್ಟೋ ವಾಸಿ.