ಅಗಲಿದವರ ನೆನಪಿನ ಪುಸ್ತಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ತಂದೆಯವರ ವರ್ಷಾಬ್ದಿಕಕ್ಕೆ ನೆನಪಿನ ಪುಸ್ತಿಕೆ ತರಬೇಕೆಂದು ಹನ್ನೆರಡು ಜನರ ಹತ್ತಿರ ಬರಹ ಕೇಳಿದೆವು. ಬಂದಿರುವುದೆಲ್ಲ ಒಂದೇ ಥರ: ‘ಸರಳ ಸಜ್ಜನರು, ಅಜಾತಶತ್ರು’. ಏನು ಮಾಡೋಣ? ಪುಸ್ತಿಕೆ ಎಷ್ಟು ಪುಟ ಇರಬೇಕು?
– ಶಿವಮೊಗ್ಗದ ಓದುಗರು

ಉತ್ತರ: ‘ಅಪ್ಪನ ಬಗ್ಗೆ ಎರಡು ಪುಟ ಬರೆದುಕೊಡಿ’ ಎಂದರೆ ಯಾರಾದರೂ ಸನ್ಮಾನ ಪತ್ರದ ಭಾಷೆಗೇ ಜಾರುತ್ತಾರೆ. ಒಬ್ಬೊಬ್ಬರಿಗೂ ಅವರಿಗಷ್ಟೇ ಗೊತ್ತಿರುವ ಒಂದು ವಿಷಯ ಕೇಳಿ. ತಂಗಿಗೆ: ಸಂಬಳದ ದಿನ ಅಣ್ಣ ಮನೆಗೆ ಏನು ತರುತ್ತಿದ್ದರು? ಸಹೋದ್ಯೋಗಿಗೆ: ಸಾಹೇಬರು ಬೈದ ಮೇಲೆ ಹೊರಗೆ ಬಂದು ಏನನ್ನುತ್ತಿದ್ದರು? ಹಳೆಯ ಗೆಳೆಯರಿಗೆ: ಯಾವ ವಿಷಯಕ್ಕೆ ಮಾತು ಬಿಟ್ಟಿರಿ, ಮೊದಲು ಮಾತಾಡಿಸಿದ್ದು ಯಾರು? ‘ಅಜಾತಶತ್ರು’ ಇಡೀ ಪುಸ್ತಿಕೆಯಲ್ಲಿ ಒಂದು ಸಲ ಬರಲಿ, ಸಾಕು.

ಬರೆಯಲಾಗದ ಹಿರಿಯರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಫ್ಯಾನ್ ಆರಿಸಿ, ಗರಗರ ಸದ್ದಿನಲ್ಲಿ ಮೆಲುದನಿ ಮುಳುಗಿಹೋಗುತ್ತದೆ. ಫೋನನ್ನು ಮಡಿಸಿದ ಟವೆಲ್ ಮೇಲೆ ಒಂದು ಮೊಳ ದೂರದಲ್ಲಿಡಿ, ಏರೋಪ್ಲೇನ್ ಮೋಡ್ ಹಾಕಿ. ನೇರವಾಗಿ ಪ್ರಶ್ನೆ ಕೇಳುವ ಬದಲು ಹಳೆಯ ಗುಂಪು ಫೋಟೊ ಕೈಗೆ ಕೊಟ್ಟು ‘ಎಡದಿಂದ ಯಾರ್ಯಾರು?’ ಎನ್ನಿ. ಹೆಸರಿನ ಹಿಂದೆಯೇ ಕಥೆ ಬರುತ್ತದೆ. ಟೈಪ್ ಮಾಡಿದ್ದನ್ನು ಅವರಿಗೆ ಓದಿ ಹೇಳದೆ ಅಚ್ಚಿಗೆ ಕೊಡಬೇಡಿ. ಸಾಲ, ಆಸ್ತಿ, ಪಾಲಿನ ಮಾತು ಬಂದಿದ್ದರೆ ಸಂಬಂಧಪಟ್ಟವರ ಒಪ್ಪಿಗೆ ಬೇಕೇ ಬೇಕು.

ಪುಟದ ಲೆಕ್ಕ: ಎ5 ಅಳತೆಯ ಪುಟದಲ್ಲಿ 12 ಪಾಯಿಂಟ್ ಅಕ್ಷರದಲ್ಲಿ ಸುಮಾರು 200 ಪದ ಹಿಡಿಯುತ್ತದೆ. ತಲಾ 400 ಪದದಂತೆ ಹನ್ನೆರಡು ಬರಹಕ್ಕೆ 24 ಪುಟ, ಫೋಟೊಗಳಿಗೆ 16, ಬದುಕಿನ ಇಸವಿವಾರು ಪಟ್ಟಿ, ವಂಶವೃಕ್ಷ, ಮುನ್ನುಡಿಗೆ 8, ಒಟ್ಟು 48. ಸೆಂಟರ್ ಪಿನ್ (ಹಾಳೆ ಮಡಿಸಿ ಮಡಿಕೆಯ ನಡುವೆ ಪಿನ್) ಹೊಡೆಯುವುದಾದರೆ ಪುಟಗಳು ನಾಲ್ಕರ ಮಡಿಯಲ್ಲಿರಬೇಕು. 50 ಪುಟವಾದರೆ ಎರಡು ಖಾಲಿ ಬೀಳುತ್ತವೆ. 64 ದಾಟಿದರೆ ಮಡಿಕೆಯಲ್ಲಿ ಉಬ್ಬುತ್ತದೆ, ಅಂಚು ಕತ್ತರಿಸುವಾಗ ನಡುವಿನ ಹಾಳೆಗಳ ಮಾರ್ಜಿನ್ ಸವೆದುಹೋಗುತ್ತದೆ. ಆಗ ಪರ್ಫೆಕ್ಟ್ ಬೈಂಡಿಂಗ್ (ಬೆನ್ನಿಗೆ ಅಂಟು ಹಾಕುವ ಕಟ್ಟು) ಮಾಡಿಸಿ, ಒಳ ಮಾರ್ಜಿನ್ 20 ಮಿ.ಮೀ. ಬಿಡಿ. ಬರಹಕ್ಕೆ 70 ಜಿಎಸ್‌ಎಂ (ಕಾಗದದ ತೂಕದ ಅಳತೆ) ಮ್ಯಾಪ್ಲಿಥೊ ಕಾಗದ, ಫೋಟೊ ಪುಟಕ್ಕೆ 130ರ ಆರ್ಟ್ ಪೇಪರ್, ರಕ್ಷಾಪುಟಕ್ಕೆ 300ರ ಆರ್ಟ್ ಕಾರ್ಡ್ ಸಾಕು.

ಇನ್ನೊಂದು ಮಾತು. ಡಿಟಿಪಿಯವರು (ಪುಟ ಜೋಡಿಸುವವರು) ಫೋನಿನಲ್ಲಿ ಟೈಪ್ ಮಾಡಿದ ಯೂನಿಕೋಡ್ ಬರಹವನ್ನು ನುಡಿ ಅಥವಾ ಶ್ರೀಲಿಪಿ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರ ಕೆಡುವುದುಂಟು. ‘ಕಾರ್ಯ’, ‘ಸೂರ್ಯ’, ‘ರ‍್ಯಾಂಕ್’ ಥರದ ಪದಗಳನ್ನು ಪ್ರೂಫಿನಲ್ಲಿ ಹುಡುಕಿ ನೋಡಿ. ಪರಿವರ್ತನೆಗೆ ಮುಂಚೆ ತಿದ್ದಿದ ಪ್ರೂಫನ್ನು ನಂಬಿ ಕೂರಬೇಡಿ.

ವರ್ಷಾಬ್ದಿಕ ತಿಥಿಯ ಲೆಕ್ಕದಲ್ಲಿ ಬರುವುದರಿಂದ ಇಂಗ್ಲಿಷ್ ತಾರೀಖಿಗಿಂತ ಸುಮಾರು 11 ದಿನ ಮುಂಚೆ ಬೀಳುತ್ತದೆ, ನಡುವೆ ಅಧಿಕ ಮಾಸ ಬಂದರೆ ಹತ್ತೊಂಬತ್ತು ದಿನದಷ್ಟು ತಡವಾಗಬಹುದು. ಪುರೋಹಿತರನ್ನು ಕೇಳಿದ ಮೇಲೆಯೇ ಪ್ರೆಸ್ಸಿಗೆ ದಿನ ಹೇಳಿ.

ಪ್ರಶ್ನೆ: ಅಪ್ಪನ ಮಾರ್ಕ್ಸ್ ಕಾರ್ಡಿನಲ್ಲಿ 1–6–1944 ಎಂದಿದೆ. ಅಜ್ಜಿ ಬರೆಸಿಟ್ಟ ಜಾತಕದಲ್ಲಿ ‘ತಾರಣ ಸಂವತ್ಸರ, ಮಾಘ ಮಾಸ’ ಎಂದಿದೆ. ಯಾವುದನ್ನು ಹಾಕಬೇಕು?
– ಹಾಸನದ ಓದುಗರು

ಉತ್ತರ: ಜಾತಕದ್ದನ್ನು. ಶಾಲೆಗೆ ಸೇರಿಸುವಾಗ ವಯಸ್ಸು ಕೂಡಿಬರಲೆಂದು ಮೇಷ್ಟ್ರೇ ಜೂನ್ ಆಸುಪಾಸಿನ ತಾರೀಖು ಬರೆಯುತ್ತಿದ್ದದ್ದು ಆ ಕಾಲದಲ್ಲಿ ಮಾಮೂಲು. ಆದರೆ ಇಸವಿಗೆ ಬದಲಾಯಿಸುವಾಗ ಎಚ್ಚರ: ಸಂವತ್ಸರ ಶುರುವಾಗುವುದು ಯುಗಾದಿಗೆ. ತಾರಣ 1944ರ ಯುಗಾದಿಯಿಂದ 1945ರ ಯುಗಾದಿಯವರೆಗೆ. ಮಾಘ ಬರುವುದು ಅದರ ಕೊನೆಯಲ್ಲಿ, ಹಾಗಾಗಿ ಹುಟ್ಟಿದ್ದು 1945ರ ಜನವರಿ–ಫೆಬ್ರುವರಿಯಲ್ಲಿ. ತಿಥಿಯೂ ಇದ್ದರೆ ಆ ವರ್ಷದ ಪಂಚಾಂಗ ನೋಡಿ ತಾರೀಖನ್ನೇ ಹಿಡಿಯಬಹುದು.

ಕೆಲಸ, ಓದಿನ ಹೆಸರುಗಳಲ್ಲೂ ಹೀಗೆಯೇ ಎಡವುತ್ತಾರೆ. 1995ರಲ್ಲಿ ನಿವೃತ್ತರಾದವರು ಕೆಪಿಟಿಸಿಎಲ್‌ನಲ್ಲಿ ಇರಲು ಸಾಧ್ಯವಿಲ್ಲ, ಆ ವಿದ್ಯುತ್ ಪ್ರಸರಣ ನಿಗಮ ಬಂದದ್ದು 1999ರಲ್ಲಿ, ಅವರದು ಕೆಇಬಿ (ಕರ್ನಾಟಕ ವಿದ್ಯುತ್ ಮಂಡಳಿ). ಬೆಂಗಳೂರು ವಿಶ್ವವಿದ್ಯಾಲಯ ಆದದ್ದು 1964ರಲ್ಲಿ. ಅದಕ್ಕೆ ಮುಂಚೆ ಸೆಂಟ್ರಲ್ ಕಾಲೇಜಿನಲ್ಲಿ ಪಡೆದ ಪದವಿ ಮೈಸೂರು ವಿಶ್ವವಿದ್ಯಾಲಯದ್ದು. ಸರ್ವಿಸ್ ರಿಜಿಸ್ಟರ್ ಪ್ರತಿ, ಪಿಂಚಣಿ ಆದೇಶ, ಪದವಿ ಪತ್ರ ಮುಂದಿಟ್ಟುಕೊಂಡೇ ಪಟ್ಟಿ ಬರೆಯಿರಿ.

ಪ್ರಶ್ನೆ: ಯೌವನದ ಒಂದೇ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೊ ಇದೆ. ಮದುವೆ ಫೋಟೊ ಗಾಜಿಗೆ ಅಂಟಿಕೊಂಡಿದೆ.
– ಧಾರವಾಡದ ಓದುಗರು

ಉತ್ತರ: ಗಾಜಿಗೆ ಅಂಟಿದ್ದನ್ನು ಕೀಳಬೇಡಿ, ಚಿತ್ರದ ಪದರವೇ ಎದ್ದುಬರುತ್ತದೆ. ಗಾಜು ಒರೆಸಿ, ಕಿಟಕಿಯ ಪಕ್ಕದ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಿಡಿಸಿ ತೆಗೆಯಿರಿ. ಪಾಸ್‌ಪೋರ್ಟ್ ಫೋಟೊವನ್ನು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿಸಿ. 35 ಮಿ.ಮೀ. ಅಗಲದ ಚಿತ್ರ ಆಗ ಅಚ್ಚಿನಲ್ಲಿ ಐದೂವರೆ ಇಂಚಿನವರೆಗೆ ಹಿಗ್ಗಬಲ್ಲದು. 300ರಲ್ಲಿ ಮಾಡಿಸಿದರೆ ಅಷ್ಟು ಹಿಗ್ಗಿಸಿದಾಗ ಮುಖ ಮಸುಕಾಗುತ್ತದೆ. ಪ್ರೆಸ್ಸಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ.

ಪ್ರಶ್ನೆ: ಐವತ್ತು ವರ್ಷದ ಗೆಳೆಯನಿಗೆ ನುಡಿನಮನ ಹೇಳಬೇಕಿದೆ. ಗಂಟಲು ಕಟ್ಟುತ್ತದೆಂಬ ಭಯ.
– ಮೈಸೂರಿನ ಓದುಗರು

ಉತ್ತರ: ನಾಲ್ಕು ನಿಮಿಷಕ್ಕೆ ಮೀರದಿರಲಿ, ನಿಧಾನವಾಗಿ ಓದಿದರೆ ಅದು ಸುಮಾರು 350 ಪದ. ಅವರನ್ನು ಹೊಗಳುವ ಸಾಲುಗಳನ್ನು ಬಿಟ್ಟು, ಮನೆಯವರಿಗೆ ಗೊತ್ತಿಲ್ಲದ ಎರಡು ಘಟನೆ ಆರಿಸಿಕೊಳ್ಳಿ. ಒಂದರಲ್ಲಾದರೂ ನಗು ಬರಲಿ. ಕಣ್ಣೀರು ಬರಿಸುವುದನ್ನು ಕೊನೆಗಿಡಬೇಡಿ, ನಡುವೆ ಹೇಳಿ ಮುಗಿಸಿ. ಆಮೇಲೆ ದನಿ ಸುಧಾರಿಸಿಕೊಳ್ಳಲು ಜಾಗ ಸಿಗುತ್ತದೆ. ಹಾಳೆಯ ಒಂದೇ ಮಗ್ಗುಲಲ್ಲಿ 16 ಪಾಯಿಂಟ್ ಅಕ್ಷರದಲ್ಲಿ ತೆಗೆಸಿ, ಪುಟ ಸಂಖ್ಯೆ ಹಾಕಿ. ಇನ್ನೊಂದು ಪ್ರತಿಯನ್ನು ಪಕ್ಕದಲ್ಲಿ ಕೂತವರಿಗೆ ಕೊಟ್ಟಿರಿ. ನಿಮ್ಮಿಂದ ಆಗದಿದ್ದರೆ ನಿಂತ ಸಾಲಿನಿಂದ ಅವರು ಮುಂದುವರಿಸಲಿ.