ಹಳೇ ಮಿಲ್ಲಿಂಗ್ ಮಷೀನ್ ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷೀನ್) ಮಾಡ್ಬೋದಾ?

ಪ್ರಶ್ನೆ: ಸಾರ್, ಪೀಣ್ಯದಲ್ಲಿ ನಮ್ದೊಂದು ಸಣ್ಣ ವರ್ಕ್‌ಶಾಪ್. ಕೈಯಲ್ಲಿ ತಿರುಗ್ಸೋ ಬೆಂಚ್ ಮಿಲ್ಲಿಂಗ್ ಮಷೀನ್‌ಗೆ ಸ್ಟೆಪ್ಪರ್ ಮೋಟಾರ್ (ಸ್ಟೆಪ್ ಸ್ಟೆಪ್ಪಾಗಿ ತಿರುಗೋ ಮೋಟಾರ್) ಹಾಕಿದ್ರೆ ಸಾಕಾ, ಟೇಬಲ್ ಸರಿಸೋ ಸ್ಕ್ರೂನೂ ಬದಲಾಯಿಸ್ಬೇಕಾ?

ಉತ್ತರ: ಮೋಟಾರ್ ತರೋಕೆ ಮುಂಚೆ ಟೇಬಲ್‌ಗೆ ಡಯಲ್ ಗೇಜ್ ತಾಗ್ಸಿಟ್ಟು ಹ್ಯಾಂಡ್‌ವೀಲ್ ಮುಂದೆ ತಿರುಗ್ಸಿ ಆಮೇಲೆ ಹಿಂದಕ್ಕೆ ತಿರುಗ್ಸಿ ನೋಡಿ, ಮುಳ್ಳು ಅಲ್ಲಾಡೋ ಮುಂಚೆ ವೀಲ್ ಎಷ್ಟು ಖಾಲಿ ತಿರುಗತ್ತೋ ಅದೇ ಪ್ಲೇ, ಅಂದ್ರೆ ಬ್ಯಾಕ್‌ಲ್ಯಾಶ್. ಕೈಯಲ್ಲಿ ಮಾಡೋವಾಗ ಅದನ್ನ ನಾವೇ ಸರಿದೂಗಿಸ್ಕೋತೀವಿ, ಕಂಪ್ಯೂಟರ್‌ಗೆ ಗೊತ್ತಾಗಲ್ಲ, ರೌಂಡ್ ಹೊಡೆದ್ರೆ ದಿಕ್ಕು ಬದಲಾಗೋ ನಾಲ್ಕು ಕಡೆ ಗೆರೆ ಬಿದ್ದಿರತ್ತೆ. ಸಾಫ್ಟ್‌ವೇರಲ್ಲಿ ಬ್ಯಾಕ್‌ಲ್ಯಾಶ್ ಸೆಟ್ಟಿಂಗ್ ಇದೆ ನಿಜ, ಆದ್ರೆ ಕಟರ್ರೇ ಟೇಬಲನ್ನ ಎಳ್ಕೊಂಡ್ರೆ ಅದೇನ್ ಮಾಡತ್ತೆ? ಹಾಗಾಗಿ ನನ್ ಪ್ರಕಾರ ದುಡ್ಡು ಮೊದ್ಲು ಬಾಲ್ ಸ್ಕ್ರೂಗೆ (ನಟ್ ಒಳಗೆ ಗುಂಡು ಉರುಳೋ, ಪ್ಲೇ ತೀರಾ ಕಮ್ಮಿ ಇರೋ ಸ್ಕ್ರೂ) ಹಾಕಿ. 5 ಎಂಎಂ ಪಿಚ್ ಸ್ಕ್ರೂಗೆ ಸುತ್ತಿಗೆ 200 ಸ್ಟೆಪ್ ಇರೋ ಮೋಟಾರ್ ನೇರ ಕೂರ್ಸಿದ್ರೆ ಸ್ಟೆಪ್‌ಗೆ 0.025 ಎಂಎಂ, 8 ಮೈಕ್ರೋಸ್ಟೆಪ್ (ಒಂದು ಸ್ಟೆಪ್‌ನ ಎಂಟು ಭಾಗ) ಇಟ್ರೆ ಮಿಲಿಮೀಟರ್‌ಗೆ 320 ಪಲ್ಸ್, ಸಣ್ಣ ಕೆಲ್ಸಕ್ಕೆ ಧಾರಾಳ ಆಯ್ತು. ಒಂದೇ ಎಚ್ಚರಿಕೆ, ಬಾಲ್ ಸ್ಕ್ರೂ ತಾನಾಗೇ ಹಿಡ್ಕೊಂಡ್ ನಿಲ್ಲಲ್ಲ, ಕರೆಂಟ್ ಹೋದ್ರೆ ಝಡ್ ಹೆಡ್ (ಕಟರ್ ಹಿಡ್ಕೊಂಡು ಮೇಲೆ ಕೆಳಗೆ ಹೋಗೋ ಭಾಗ) ಜಾರ್ಕೊಂಡು ನಾವು ಕೊರೀತಿರೋ ಪೀಸ್ ಮೇಲೆ ಕೂರ್ಬೋದು (ನಮ್ಮೂರ ಕರೆಂಟ್ ಬಗ್ಗೆ ಹೇಳೋದೇ ಬೇಡ), ಅದಕ್ಕೆ ಬ್ರೇಕ್ ಇರೋ ಮೋಟಾರ್ ಇಲ್ಲಾ ಗ್ಯಾಸ್ ಸ್ಪ್ರಿಂಗ್ ಬೇಕೇ ಬೇಕು. ಕಂಟ್ರೋಲ್‌ಗೆ ಲಿನಕ್ಸ್‌ಸಿಎನ್‌ಸಿ ಅನ್ನೋ ಸಾಫ್ಟ್‌ವೇರ್ ಫ್ರೀ, ಪ್ಯಾರಲಲ್ ಪೋರ್ಟ್ ಇರೋ ಹಳೇ ಡೆಸ್ಕ್‌ಟಾಪ್ ಮೂಲೇಲಿದ್ರೆ ಅದ್ರಲ್ಲೇ ಶುರು ಮಾಡಿ.