ಹಳೆಯ ಆಡಿಯೊ ಸಾಮಗ್ರಿ: ಡೀಲರ್‌ಗೆ ಕೊಡಬೇಕೇ, ನೀವೇ ಮಾರಬೇಕೇ?

ಪ್ರಶ್ನೆ: ನನ್ನಲ್ಲಿ ಸ್ಟೀರಿಯೊ ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್, ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್ ಮತ್ತು ಹೋಮ್ ಥಿಯೇಟರ್ ರಿಸೀವರ್ ಇವೆ. ಜಾಹೀರಾತುಗಳಲ್ಲಿ ಇವೇ ಮಾದರಿಗಳಿಗೆ ಕಾಣುವ ಬೆಲೆಯಲ್ಲಿ ಅರ್ಧ ಮಾತ್ರ ಕೊಡುವುದಾಗಿ ಡೀಲರ್ ಹೇಳುತ್ತಿದ್ದಾರೆ. ಇದು ಮೋಸವಲ್ಲವೇ?

ಉತ್ತರ: ಅಲ್ಲ. ಇದೇ ದೂರು ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಸಲ ವಿವರವಾಗಿ ಬರೆಯುತ್ತೇನೆ. ನೀವು ನೋಡಿದ್ದು ಮಾರುವವರು ಕೇಳುತ್ತಿರುವ ಬೆಲೆ, ಯಾರೋ ಕೊಟ್ಟ ಬೆಲೆಯಲ್ಲ. ತಿಂಗಳುಗಟ್ಟಲೆ ಕದಲದ ಜಾಹೀರಾತೇ ಕಣ್ಣಿಗೆ ಹೆಚ್ಚು ಬೀಳುತ್ತದೆ. ಮಾರಾಟ ಮುಗಿದ ವ್ಯವಹಾರಗಳ ಬೆಲೆ ನೋಡಿ ಲೆಕ್ಕ ಹಾಕಿ. ಅರ್ಧ ಎಂದುಕೊಂಡಿದ್ದು ಅಷ್ಟು ಕಡಿಮೆಯೇನಲ್ಲ ಎಂದು ತಿಳಿಯುತ್ತದೆ.

ಉಳಿದ ಅಂತರ ಕೆಲಸದ ಕೂಲಿ ಮತ್ತು ಅಪಾಯದ ಬೆಲೆ. ಡೀಲರ್ ಯಂತ್ರವನ್ನು ಬಿಚ್ಚಿ ಪರೀಕ್ಷಿಸಬೇಕು, ಗಿರಾಕಿ ಸಿಗುವವರೆಗೆ ದುಡ್ಡು ಕಟ್ಟಿಹಾಕಬೇಕು, ವಾರಂಟಿ ಕೊಡಬೇಕು, ಕೆಟ್ಟರೆ ವಾಪಸ್ ತೆಗೆದುಕೊಳ್ಳಬೇಕು. ಆ ಕೆಲಸವನ್ನೆಲ್ಲ ನೀವೇ ಮಾಡುವಿರಾದರೆ ಹಣವೂ ನಿಮ್ಮದೇ. ಅದು ಬೇಡ, ಬೆಲೆ ಮಾತ್ರ ಪೂರ್ತಿ ಬೇಕು ಎಂದರೆ ಆಗದು.

ಈಗ ನಿಮ್ಮ ಸಾಮಗ್ರಿಗೆ ಬರೋಣ. ರಿಸೀವರನ್ನು ಈ ವಾರವೇ ಡೀಲರ್‌ಗೆ ಕೊಟ್ಟುಬಿಡಿ. ಅದರ ಬೆಲೆ ಬೀಳುವುದು ಧ್ವನಿ ಕೆಟ್ಟಿದ್ದಕ್ಕಲ್ಲ, ಹಿಂಬದಿಯ ಸಾಕೆಟ್‌ಗಳು ಹಳತಾಗಿದ್ದಕ್ಕೆ. 2017ರಲ್ಲಿ ಎಚ್‌ಡಿಎಂಐ 2.1 (ಚಿತ್ರ, ಧ್ವನಿ ಎರಡನ್ನೂ ಸಾಗಿಸುವ ಸಾಕೆಟ್‌ನ ಒಂದು ಆವೃತ್ತಿ) ಬಂದಮೇಲೆ, ಅದಕ್ಕಿಂತ ಹಿಂದಿನ ರಿಸೀವರ್‌ಗಳು ಎಷ್ಟೇ ಚೆನ್ನಾಗಿ ನುಡಿದರೂ ಹೊಸ ಟಿವಿ, ಗೇಮ್ ಯಂತ್ರ ಇರುವವರಿಗೆ ಬೇಡವಾಗಿವೆ. ಕಾದಷ್ಟೂ ನಷ್ಟ.

ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಸ್ಪೀಕರ್‌ಗಳ ಮಾತು ಬೇರೆ. ಅವುಗಳ ತಂತ್ರಜ್ಞಾನ ಹೆಚ್ಚು ಬದಲಾಗಿಲ್ಲ, ಒಳ್ಳೆಯ ಮಾದರಿಗೆ ಗಿರಾಕಿ ಇದ್ದೇ ಇರುತ್ತಾರೆ. ಅವನ್ನು ನೀವೇ ಮಾರಿ, ಆದರೆ ಪರೀಕ್ಷಿಸಿ ಮಾರಿ. ಸ್ಪೀಕರಿನ ಜಾಲರಿ ತೆಗೆದು, ಕೋನಿನ ಅಂಚಿನ ಸುತ್ತುಪಟ್ಟಿಯನ್ನು ಬೆರಳ ತುದಿಯಿಂದ ಹಗುರವಾಗಿ ಮುಟ್ಟಿ ನೋಡಿ. ರಬ್ಬರ್ ಆದರೆ ಬಾಗಿ ಹಿಂದಿರುಗುತ್ತದೆ. ಹಳೆಯ ಫೋಮ್ ಆದರೆ ಅಂಟಂಟಾಗಿ ಅಥವಾ ಪುಡಿಯಾಗಿ ಬೆರಳಿಗೆ ಹತ್ತುತ್ತದೆ. ಬಳಸದೆ ಇಟ್ಟ ಸ್ಪೀಕರಿನಲ್ಲೂ ಗಾಳಿಯ ತೇವಕ್ಕೆ ಅದು ಸಾಯುತ್ತದೆ. ‘ಬಳಸಿಯೇ ಇಲ್ಲ, ಹೊಸದರಂತಿದೆ’ ಎಂದು ಜಾಹೀರಾತಿನಲ್ಲಿ ಬರೆಯುವ ಮೊದಲು ಇದನ್ನು ನೋಡಿಕೊಳ್ಳಿ.

ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಆದರೆ ಸ್ಪೀಕರ್ ತಂತಿ ಬಿಚ್ಚಿ, ಹಾಡಿಲ್ಲದೆ ಚಾಲೂ ಮಾಡಿ, ಸ್ವಲ್ಪ ಹೊತ್ತಿನ ಬಳಿಕ ಸ್ಪೀಕರ್ ಟರ್ಮಿನಲ್‌ಗಳ ನಡುವೆ ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟೇಜ್ ನೋಡಿ. ಹತ್ತಾರು ಮಿಲಿವೋಲ್ಟ್ ಇದ್ದರೆ ಚಿಂತೆಯಿಲ್ಲ. ನೂರು ದಾಟಿದರೆ ತಂತ್ರಜ್ಞರಿಗೆ ತೋರಿಸದೆ ಮಾರಬೇಡಿ. ಕೊಂಡವರ ಸ್ಪೀಕರ್ ಸುಟ್ಟೀತು. ಟ್ರಾನ್ಸಿಸ್ಟರ್ ಬದಲು ಗಾಜಿನ ಕೊಳವೆಗಳಿರುವ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ಈ ಪರೀಕ್ಷೆ ಮಾಡಲೇಬೇಡಿ. ಸ್ಪೀಕರ್ ಇಲ್ಲದೆ ಅದನ್ನು ಚಾಲೂ ಮಾಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೇ ಅಪಾಯ.

ಟರ್ನ್‌ಟೇಬಲ್ ಯಾವ ಮಾದರಿ ಎಂದು ನೀವು ಬರೆದಿಲ್ಲ. 1972ರಲ್ಲಿ ಬಂದು 2010ರಲ್ಲಿ ನಿಂತು 2016ರಲ್ಲಿ ಮರಳಿದ ಟೆಕ್ನಿಕ್ಸ್ ಎಸ್‌ಎಲ್-1200ರಂಥ ಹೆಸರಾಂತ ಯಂತ್ರವಾದರೆ ಗಿರಾಕಿಯನ್ನು ಹುಡುಕಬೇಕಿಲ್ಲ. ಆದರೆ ಕೊರಿಯರ್‌ನಲ್ಲಿ ಸಾಯುವುದರಲ್ಲಿ ಟರ್ನ್‌ಟೇಬಲ್ ಮೊದಲು. ತಟ್ಟೆ ಮತ್ತು ಟೋನ್‌ಆರ್ಮಿನ (ಸೂಜಿ ಹಿಡಿದ ತೋಳಿನ) ಹಿಂದಿನ ತೂಕದ ತುಂಡನ್ನು ಬಿಚ್ಚಿ ಬೇರೆ ಬೇರೆ ಸುತ್ತಿ, ಟೋನ್‌ಆರ್ಮನ್ನು ಅದರ ಆಸರೆಗೆ ಕಟ್ಟಿ, ಪೆಟ್ಟಿಗೆಯನ್ನು ಇನ್ನೊಂದು ಪೆಟ್ಟಿಗೆಯೊಳಗಿಡಿ. ಇಷ್ಟು ತಾಳ್ಮೆ ಇಲ್ಲದಿದ್ದರೆ, ಬಂದು ಕೇಳಿ ಹೊತ್ತೊಯ್ಯುವವರಿಗೇ ಮಾರಿ. ನಾನಂತೂ ಹಾಗೆಯೇ ಮಾರುತ್ತೇನೆ.

ಕೊರಿಯರ್ ಮಾಡಲೇಬೇಕಾದರೆ ಯಂತ್ರ ನುಡಿಯುತ್ತಿರುವಾಗ ಸೀರಿಯಲ್ ಸಂಖ್ಯೆ ಸಹಿತ ವೀಡಿಯೊ ಮಾಡಿ, ಹೊರಗವಚದ ಒಂದು ಸ್ಕ್ರೂ ತಲೆಗೆ, ಬಿಚ್ಚಿದರೆ ಗೊತ್ತಾಗುವಂತೆ, ಬಣ್ಣದ ಚುಕ್ಕೆ ಇಡಿ. ಒಳಗಿನ ಬಿಡಿಭಾಗ ಬದಲಿಸಿಕೊಂಡು ‘ಕೆಟ್ಟಿದೆ’ ಎಂದು ವಾಪಸ್ ಕಳಿಸುವವರು ಇದ್ದಾರೆ.

ಮಧ್ಯದ ದಾರಿಯೂ ಒಂದಿದೆ: ಡೀಲರ್ ತಮ್ಮ ಅಂಗಡಿಯಲ್ಲಿ ನಿಮ್ಮ ಪರವಾಗಿ ಮಾರಾಟಕ್ಕಿಡುವುದು, ನೀವು ಅವರಿಗೆ ಕಮಿಷನ್ ಕೊಡುವುದು. ಕಮಿಷನ್ ಎಷ್ಟು, ಕನಿಷ್ಠ ಬೆಲೆ ಎಷ್ಟು, ಎಷ್ಟು ದಿನ, ಅಂಗಡಿಯಲ್ಲೇ ಹಾಳಾದರೆ ಹೊಣೆ ಯಾರದು ಎಂಬ ನಾಲ್ಕನ್ನೂ ಬರೆಸಿಕೊಳ್ಳದೆ ಯಂತ್ರ ಬಿಟ್ಟು ಬರಬೇಡಿ.

ಪ್ರಶ್ನೆ: ಮಾರುವ ಮೊದಲು ಆಂಪ್ಲಿಫೈಯರ್ ಒಳಗಿನ ಕೆಪಾಸಿಟರ್‌ಗಳನ್ನೆಲ್ಲ (ವಿದ್ಯುತ್ತನ್ನು ಹಿಡಿದಿಡುವ ಬಿಡಿಭಾಗಗಳನ್ನು) ಬದಲಿಸಿದರೆ ಬೆಲೆ ದುಪ್ಪಟ್ಟಾಗುತ್ತದೆಂದು ರಿಪೇರಿಯವರು ಹೇಳಿದರು. ಮಾಡಿಸಲೇ?

ಉತ್ತರ: ಬೇಡ. ಯಾರು, ಏನು ಬೆಸುಗೆ ಹಾಕಿದ್ದಾರೆಂದು ತಿಳಿಯದ ಯಂತ್ರಕ್ಕಿಂತ ಮುಟ್ಟದ ಯಂತ್ರವನ್ನೇ ತಿಳಿದವರು ಕೇಳುತ್ತಾರೆ. ಅಳತೆ ಮಾಡದೆ ‘ಎಲ್ಲ ಬದಲಿಸಿ’ ಎನ್ನುವವರು ರೋಗ ನೋಡದೆ ಮದ್ದು ಕೊಡುವ ನಕಲಿ ವೈದ್ಯರು. ಇವರ ಕೈಯಲ್ಲಿ ಹಾಳಾದ ಒಳ್ಳೆಯ ಯಂತ್ರಗಳನ್ನು ನೋಡಿ ಸಾಕಾಗಿದೆ.

ಪ್ರಶ್ನೆ: ವಾಲ್ಯೂಮ್ ಗುಂಡಿ ಕರಕರ ಎನ್ನುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯುಡಿ-40 ಹೊಡೆಯಬಹುದೇ?

ಉತ್ತರ: ಕೂಡದು. ವಾಲ್ಯೂಮ್ ಕಂಟ್ರೋಲ್‌ಗೆಂದೇ ಇರುವ ಕಾಂಟ್ಯಾಕ್ಟ್ ಕ್ಲೀನರ್ ತನ್ನಿ.

ಪ್ರಶ್ನೆ: ನನ್ನ ಕೇಬಲ್‌ಗಳು ವರ್ಷಗಟ್ಟಲೆ ನುಡಿಸಿ ಪಳಗಿವೆ. ಹೆಚ್ಚು ಬೆಲೆ ಕೇಳಬಹುದೇ?

ಉತ್ತರ: ಇಲ್ಲ. ತಾಮ್ರ ಪಳಗುವುದಿಲ್ಲ.

ಪ್ರಶ್ನೆ: ಕೊಳ್ಳುವವರು ತಪ್ಪಿ ಹೆಚ್ಚು ಹಣ ಹಾಕಿದ್ದಾರಂತೆ, ಉಳಿದದ್ದನ್ನು ಹಿಂದಿರುಗಿಸಿ ಎನ್ನುತ್ತಿದ್ದಾರೆ.

ಉತ್ತರ: ಒಂದು ಪೈಸೆಯನ್ನೂ ಕಳಿಸಬೇಡಿ. ಆ ಪಾವತಿ ನಿಜವೇ ಎಂದು ನಿಮ್ಮ ಬ್ಯಾಂಕಿನಲ್ಲೇ ವಿಚಾರಿಸಿ. ಅಲ್ಲಿಯವರೆಗೆ ಯಂತ್ರ ನಿಮ್ಮ ಮನೆಯಲ್ಲೇ ಇರಲಿ.